ಹಿತ್ತಲೂ ಒಂದು ಠೇವಣಿ

(ನಮ್ಮ ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಹಿಳಾ ಸದಸ್ಯರ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೂ ನಾಲ್ಕು ಮಾತು ಆಡುವ ಅವಕಾಶ ಕೊಟ್ಟಿದ್ದೀರಿ. ಇಲ್ಲಿ ಮಾತಾಡುವ ಬಾಯಿ ಒಂದೇ ಆದರೂ ಇದನ್ನು ಕೂಡಿ ಯೋಚಿಸಿದವರು ನಾವು ಏಳೆಂಟು ಮಂದಿ ಇದ್ದೇವೆ. ಆದ್ದರಿಂದ ತಪ್ಪಿದ್ದರೆ ಎಲ್ಲರದ್ದೂ, ಒಪ್ಪಿದ್ದರೂ ಎಲ್ಲರದ್ದೂ.

ಈ ಸಭೆಯಲ್ಲಿ ಬೆಳಿಗ್ಗೆಯಿಂದ ಷೇರು ಬಂಡವಾಳದ ಲೆಕ್ಕ ಕೇಳಿದೆವು, ಠೇವಣಿಯ ಲೆಕ್ಕ ಕೇಳಿದೆವು, ಸಾಲ ವಸೂಲಿಯ ಲೆಕ್ಕವನ್ನೂ ಕೇಳಿದೆವು. ಸಂತೋಷವಾಯಿತು. ಬ್ರಿಟಿಷರ ಕಾಲದಲ್ಲಿ, 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಕಟ್ಟಿದರು. ಕಷ್ಟಕಾಲಕ್ಕೆ ಸಾಹುಕಾರನ ಬಾಗಿಲಿಗೆ ಹೋಗಬಾರದು, ನಮ್ಮದೇ ಒಂದು ಗಂಟು ಇರಬೇಕು ಅನ್ನುವುದೇ ಅಲ್ಲಿಂದ ಇಲ್ಲಿಯವರೆಗೆ ಸಹಕಾರದ ತಿರುಳು.

ಅಂಥದೇ ಇನ್ನೊಂದು ಗಂಟು ನಮ್ಮ ಮನೆಗಳಲ್ಲಿ ಇತ್ತು. ಅದಕ್ಕೆ ಪಾಸ್‌ಬುಕ್ ಇರಲಿಲ್ಲ, ಆಡಿಟ್ ಇರಲಿಲ್ಲ. ಅಡಿಗೆಮನೆಯ ಹಿಂಬಾಗಿಲು ತೆಗೆದರೆ ಅದು ಕಾಣುತ್ತಿತ್ತು. ನಾವು ಹೇಳುವುದು ಹಿತ್ತಲಿನ ಮಾತು. ಆ ಠೇವಣಿಯನ್ನು ನಾವು ಈ ಇಪ್ಪತ್ತೈದು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದು ಖಾಲಿ ಮಾಡಿಕೊಂಡೆವು. ಬೇರೆ ಯಾರೂ ಕದಿಯಲಿಲ್ಲ, ನಾವೇ ಮಾಡಿಕೊಂಡೆವು.

ಒಂದು ಮನೆಯ ಸಂಗತಿ

ನಮ್ಮೊಳಗಿನ ಒಬ್ಬರ ಮನೆಯಲ್ಲಿ ನಡೆದದ್ದನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತೇವೆ. ಸೊಸೆ ಬಸುರಿ. ಏಳನೇ ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಅಂತ ಮನೆಯವರು ಸುಮ್ಮನಿದ್ದರು. ಆಶಾ ಕಾರ್ಯಕರ್ತೆ ಒತ್ತಾಯ ಮಾಡಿ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದಾಗ ಹಿಮೋಗ್ಲೋಬಿನ್ 7.4 ಅಂತ ಬಂತು. ಬಸುರಿಯರಿಗೆ ಕಡಿಮೆಯೆಂದರೂ 11 ಇರಬೇಕು. 7ಕ್ಕಿಂತ ಕೆಳಗೆ ಹೋದರೆ ಜೀವಕ್ಕೇ ಅಪಾಯ. ವೈದ್ಯರು ಅತ್ತೆಯನ್ನು ಕೇಳಿದರು: "ನಿಮ್ಮ ಕಡೆ ಬೇಕಾದಷ್ಟು ಸೊಪ್ಪು ಬೆಳೀತದಲ್ಲ ಅಮ್ಮ, ಮನೇಲಿ ಮಾಡೋದಿಲ್ವಾ?"

ಅತ್ತೆಗೆ ಉತ್ತರ ಹೊಳೆಯಲಿಲ್ಲ. ಅವರದ್ದು ಬಡ ಮನೆಯಲ್ಲ. ಮೂರು ಎಕರೆ ಅಡಿಕೆ ತೋಟ ಇದೆ. ಅಕ್ಕಿಗೆ ಕೊರತೆ ಇಲ್ಲ. ಆದರೆ ಬಚ್ಚಲ ನೀರು ಹರಿದು ಹೋಗುವಲ್ಲಿ ಇದ್ದ ಬಸಳೆ ಚಪ್ಪರವನ್ನು ಕಿತ್ತು ಅಡಿಕೆ ಒಣಗಿಸುವ ಅಂಗಳ ಮಾಡಿ ಆರು ವರ್ಷವಾಗಿತ್ತು. ಆವತ್ತಿನ ಊಟಕ್ಕೆ ಅನ್ನ, ತೆಳ್ಳಗಿನ ಸಾರು, ಉಪ್ಪಿನಕಾಯಿ, ಮಜ್ಜಿಗೆ. ಹಿಂದಿನ ದಿನವೂ ಅದೇ. ಅದರ ಹಿಂದಿನ ದಿನ ಪೇಟೆಯಿಂದ ತಂದ ಬಟಾಟೆ. ಸೊಸೆ ಎಲ್ಲರದ್ದೂ ಆದ ಮೇಲೆ ಉಣ್ಣುತ್ತಿದ್ದಳು. ಪಾತ್ರೆಯ ತಳದಲ್ಲಿ ಏನು ಉಳಿದಿತ್ತು ಅಂತ ನೋಡಿದವರು ಯಾರು?

ಮಾತ್ರೆ, ಇಂಜೆಕ್ಷನ್ ಆಗಿ ಕೊನೆಗೆ ತಾಯಿ ಮಗು ಕ್ಷೇಮವಾಗಿ ಮನೆಗೆ ಬಂದರು. ಆದರೆ ಆ ಅತ್ತೆ ನಮ್ಮ ಮುಂದೆ ಕಣ್ಣೀರು ಹಾಕಿ ಹೇಳಿದ ಮಾತು ಮರೆಯುವುದಿಲ್ಲ: "ಅಂಗಳ ದೊಡ್ಡದು ಮಾಡಿದ್ವು, ಮನೆ ಹುಡುಗಿ ಒಣಗಿದ್ದು ಕಾಣ್ಲಿಲ್ಲ."

ಇದು ಒಂದು ಮನೆಯ ಸಂಗತಿ ಮಾತ್ರವೇ? 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು. ಅಂದರೆ ಈ ಸಭೆಯಲ್ಲಿ ಕೂತ ನಮ್ಮ ಸಾಲಿನಲ್ಲೂ ಸುಮಾರು ಒಬ್ಬರು ಬಿಟ್ಟು ಒಬ್ಬರು ಅಂತ ಲೆಕ್ಕ. ಹಸಿವು ಕಾಣುತ್ತದೆ, ಇದು ಕಾಣುವುದಿಲ್ಲ. ಹೊಟ್ಟೆ ತುಂಬಿದ್ದರೂ ಮೈ ಬರಿದಾಗಿರುತ್ತದೆ.

ಹತ್ತು ಬೆರಳಿನ ಲೆಕ್ಕ

ಹಾಗಾದರೆ ಊಟ ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ಹೆಂಗಸರ ಊಟದ ವೈವಿಧ್ಯ ತಿಳಿಯಲು ಒಂದು ಸುಲಭ ಅಳತೆ ಮಾಡಿದ್ದಾರೆ. ಅದಕ್ಕೆ ಎರಡು ಕೈಯ ಹತ್ತು ಬೆರಳು ಸಾಕು. ನೀವೂ ಎಣಿಸಿ ನೋಡಿ.

ಎಡಗೈಯ ಬೆರಳುಗಳು: ಒಂದು, ಅಕ್ಕಿ, ರಾಗಿ, ಗೋಧಿ, ಬಿಳಿ ಗೆಡ್ಡೆಗೆಣಸು. ಎರಡು, ಬೇಳೆಕಾಳು. ಮೂರು, ಶೇಂಗಾ, ಎಳ್ಳು, ಗೇರುಬೀಜದಂಥವು. ನಾಲ್ಕು, ಹಾಲು ಮೊಸರು. ಐದು, ಮೀನು ಮಾಂಸ. ಬಲಗೈಗೆ ಬನ್ನಿ. ಆರು, ಮೊಟ್ಟೆ. ಏಳು, ಕಡುಹಸಿರು ಸೊಪ್ಪು. ಎಂಟು, ಪಪ್ಪಾಯಿ, ಮಾವು, ಸಿಹಿಗುಂಬಳದಂಥ ಹಳದಿ-ಕೆಂಪು ತಿರುಳಿನ ಹಣ್ಣು ತರಕಾರಿ. ಒಂಬತ್ತು, ಉಳಿದ ತರಕಾರಿ. ಹತ್ತು, ಉಳಿದ ಹಣ್ಣು.

ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ತಿಂದದ್ದರಲ್ಲಿ ಎಷ್ಟು ಬೆರಳು ಮಡಚಿದವು? ಕಡಿಮೆಯೆಂದರೂ ಐದು ಮಡಚಬೇಕು. ಒಂದು ಚಮಚದಷ್ಟೂ ಇಲ್ಲದ್ದು ಲೆಕ್ಕಕ್ಕಿಲ್ಲ. ಆದ್ದರಿಂದ ಒಗ್ಗರಣೆಯ ಬೇಳೆಯನ್ನೂ ಉಪ್ಪಿನಕಾಯಿಯ ಹೋಳನ್ನೂ ಎಣಿಸಬೇಡಿ. ಮೀನು, ಮಾಂಸ, ಮೊಟ್ಟೆ ತಿನ್ನದ ಮನೆಯವರು ಎಂಟು ಬೆರಳಲ್ಲೇ ಐದು ಹುಡುಕಬೇಕು. ಇದು ಒಬ್ಬೊಬ್ಬರ ಕಾಯಿಲೆ ಹೇಳುವ ಪರೀಕ್ಷೆಯಲ್ಲ, ಒಂದು ಊರಿನ ಹೆಂಗಸರ ಊಟ ಹೇಗಿದೆ ಎಂದು ತಿಳಿಯುವ ದಾರಿ ಅಷ್ಟೆ.

ಈ ಭಾಷಣಕ್ಕೆ ಮೊದಲು ನಾವು ಕೆಲವು ಮನೆಗಳಿಗೆ ಹೋಗಿ ಹೀಗೇ ಬೆರಳು ಎಣಿಸಿದೆವು. ಲೆಕ್ಕವನ್ನು ಇಲ್ಲಿ ಬಿಚ್ಚಿ ಯಾರ ಮನೆಯನ್ನೂ ಚಿಕ್ಕದು ಮಾಡುವುದಿಲ್ಲ. ಒಂದು ಮಾತ್ರ ಹೇಳುತ್ತೇವೆ. ಅನ್ನ, ಮಜ್ಜಿಗೆ ಎಂಬ ಎರಡು ಬೆರಳು ಎಲ್ಲರ ಮನೆಯಲ್ಲೂ ಸುಲಭವಾಗಿ ಮಡಚಿದವು. ಏಳನೇ ಬೆರಳು ಮತ್ತು ಎಂಟನೇ ಬೆರಳು, ಅಂದರೆ ಸೊಪ್ಪು ಮತ್ತು ಹಳದಿ ಹಣ್ಣು, ಬಹಳ ಮನೆಗಳಲ್ಲಿ ಹಾಗೇ ನೆಟ್ಟಗೆ ನಿಂತಿದ್ದವು. ವಿಚಿತ್ರ ನೋಡಿ. ಪೇಟೆಗೆ ಹೋಗದೆ, ದುಡ್ಡು ಕೊಡದೆ, ಹಿತ್ತಲಲ್ಲೇ ಸಿಗಬಹುದಾದವು ಆ ಎರಡೇ!

ಹದಿನಾಲ್ಕು ಕಿಲೋ ಹೊರುವವರು ಯಾರು?

"ಈಗ ರಸ್ತೆ ಆಗಿದೆ, ಸಂತೆಯಲ್ಲಿ ಎಲ್ಲ ಸಿಗ್ತದೆ, ಹಿತ್ತಲು ಯಾಕೆ ಬೇಕು?" ಅಂತ ನಮ್ಮ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಲೆಕ್ಕ ಹಾಕೋಣ.

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದೊಡ್ಡವರೊಬ್ಬರಿಗೆ ದಿನಕ್ಕೆ ಸೊಪ್ಪು ತರಕಾರಿ ಸೇರಿ ಸುಮಾರು 400 ಗ್ರಾಂ, ಹಣ್ಣು 100 ಗ್ರಾಂ ಬೇಕು ಎಂದಿದ್ದಾರೆ. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ಸೊಪ್ಪು ತರಕಾರಿ. ವಾರಕ್ಕೆ ಹದಿನಾಲ್ಕು ಕಿಲೋ. ಮಕ್ಕಳಿದ್ದಾರೆ, ಕಡಿಮೆ ಸಾಕು ಅನ್ನಿ. ಆದರೂ ಹತ್ತು ಕಿಲೋ ಆಯಿತು. ನಮ್ಮೂರಿಗೆ ಸಂತೆ ವಾರಕ್ಕೊಂದು. ಬಸ್ಸಿಳಿದ ಮೇಲೆ ದಿಬ್ಬ ಹತ್ತಿ, ಸಂಕ ದಾಟಿ, ಕೇರಿಗೆ ನಡೆಯಬೇಕು. ಅಕ್ಕಿ, ಬೆಲ್ಲ, ಎಣ್ಣೆ, ದನದ ಹಿಂಡಿ ಹೊತ್ತ ಮೇಲೆ ಹತ್ತು ಕಿಲೋ ತರಕಾರಿ ಯಾರ ಹೆಗಲಿಗೆ? ಹೊತ್ತು ತಂದರೂ ಭಾನುವಾರ ತಂದ ಹರಿವೆ ಸೊಪ್ಪು ಬುಧವಾರಕ್ಕೆ ಏನಾಗಿರುತ್ತದೆ? ಅದಕ್ಕೇ ನಾವು ಬಾಡದೇ ಇರುವುದನ್ನು ತರುತ್ತೇವೆ: ಬಟಾಟೆ, ಈರುಳ್ಳಿ. ಜಡಿಮಳೆಯಲ್ಲಿ ಸಂಕ ಮುಳುಗಿತು, ಮರ ಬಿದ್ದು ಬಸ್ಸು ನಿಂತಿತು ಅಂದರೆ ಅದೂ ಇಲ್ಲ.

ಆದ್ದರಿಂದ ಪೇಟೆ ಹತ್ತಿರದವರಿಗೆ ಹಿತ್ತಲು ಒಂದು ಹವ್ಯಾಸ ಇರಬಹುದು. ನಮ್ಮಂಥ ಮೂಲೆಯ ಊರಿಗೆ ಅದು ಹವ್ಯಾಸವಲ್ಲ. ಪಡಿತರದ ಅಕ್ಕಿ ನಮ್ಮ ಹೊಟ್ಟೆಯ ಚಿಂತೆ ಕಡಿಮೆ ಮಾಡಿದೆ, 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಕೂಲಿ ಮಾಡುವವರ ಮನೆಯಲ್ಲೂ ಅಕ್ಕಿ ಇದೆ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಬಸಳೆಯನ್ನು ಯಾವ ಸರಕಾರವೂ ಕಾರ್ಡಿನ ಮೇಲೆ ಕೊಡಲಾರದು.

ಹಿಂದಿನವರ ಹಿತ್ತಲು

ನಮ್ಮ ಅತ್ತೆ, ಅಜ್ಜಿಯರ ಹಿತ್ತಲಿಗೆ ನಕ್ಷೆ ಇರಲಿಲ್ಲ, ಆದರೆ ಪಂಚಾಂಗ ಇತ್ತು. ಯಾವ ತಿಂಗಳೂ ಬರಿದಾಗಬಾರದು ಅನ್ನುವ ಲೆಕ್ಕಾಚಾರ.

ಮೊದಲ ಮಳೆ ಬೀಳುವ ಹೊತ್ತಿಗೆ ಸೌತೆ, ಹೀರೆ, ಪಡವಲ, ಹಾಗಲ, ಬೆಂಡೆ, ಅಲಸಂದೆ ಬೀಜ ನೆಲಕ್ಕೆ ಬೀಳುತ್ತಿತ್ತು. ಅವು ಫಲ ಕೊಡುವವರೆಗೆ ಏನು? ಆಷಾಢದ ಜಡಿಮಳೆಯಲ್ಲಿ ಹರಿವೆ ಕೊಳೆಯುತ್ತದೆ, ಬಸಳೆಯೂ ಸೊರಗುತ್ತದೆ. ಆಗ ತಾನಾಗಿ ಬರುವ ಕೆಸು, ಮರಕೆಸು, ಚಗಟೆ ಸೊಪ್ಪು, ಕಳಲೆ. ಅಟ್ಟದ ಮೇಲೆ ಭರಣಿಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮೂಲೆಯಲ್ಲಿ ಕೂಡಿಟ್ಟ ಹಲಸಿನ ಬೇಳೆ. ಚೌತಿ ಹಬ್ಬದ ಹೊತ್ತಿಗೆ ಬಳ್ಳಿಗಳೆಲ್ಲ ಕಾಯಿ ಬಿಟ್ಟು ಕೊಯ್ದಷ್ಟೂ ಮುಗಿಯದು. ಚಳಿ ಬಿದ್ದ ಮೇಲೆ ಗೆಡ್ಡೆಗಳ ಕಾಲ: ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ, ಗೆಣಸು. ಜೊತೆಗೆ ಬದನೆ, ಮೂಲಂಗಿ, ಹರಿವೆ. ಬೇಸಗೆಯಲ್ಲಿ ಬಚ್ಚಲ ನೀರು ಕುಡಿದು ಬೆಳೆದ ಬಸಳೆ, ಬಾಳೆನಾರಿನಲ್ಲಿ ಕಟ್ಟಿ ಸಾಲಾಗಿ ತೂಗುಹಾಕಿದ ಮೊಗೆಕಾಯಿ, ಅಟ್ಟದಲ್ಲಿ ಬೂದುಗುಂಬಳ, ಆಮೇಲೆ ಹಲಸು, ಮಾವು.

ಇದರ ಹೊರತಾಗಿ ಯಾರೂ ನೆಡದ, ಯಾರೂ ನೀರು ಹಾಕದ ಸೊಪ್ಪುಗಳು. ತೋಟದ ತೇವದಲ್ಲಿ ಒಂದೆಲಗ, ಎಲವರಿಗೆ. ಬೇಲಿ ಪಕ್ಕ ಗಣಿಕೆ ಸೊಪ್ಪು. ಒಂದು ಹಿಡಿ ಕೊಯ್ದು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿ ಹಾಕಿ ಬೀಸಿ ಮಜ್ಜಿಗೆ ಕೂಡಿಸಿದರೆ ತಂಬುಳಿ. ಈಗಿನವರು ಹೇಳುತ್ತಾರೆ, ಸೊಪ್ಪಿನಲ್ಲಿರುವ 'ಎ' ಅನ್ನಾಂಗ ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು ಅಂತ. ಅಜ್ಜಿ ಆ ಮಾತು ಹೇಳಲಿಲ್ಲ, ತುಪ್ಪ ಹಾಕುತ್ತಿದ್ದಳು.

ನಮ್ಮದೇ ಜಿಲ್ಲೆಯ ಜೊಯಿಡಾ ಕಾಡಿನ ಊರುಗಳಲ್ಲಿ ಕುಣಬಿ ಬಂಧುಗಳು ಈಗಲೂ ಹತ್ತಾರು ಬಗೆಯ ಗೆಡ್ಡೆಗೆಣಸು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಗೆಡ್ಡೆಗೆಣಸು ಮೇಳವೇ ನಡೆಯುತ್ತದೆ. ನೆಲದೊಳಗಿನ ಗೆಡ್ಡೆಗೆ ಕಣಜ ಬೇಡ, ಬೇಕಾದಾಗ ಅಗೆದರಾಯಿತು. ದಾರಿ ದೂರವಿರುವ ಊರಿಗೆ ಅದಕ್ಕಿಂತ ಒಳ್ಳೆಯ ಉಗ್ರಾಣ ಇಲ್ಲ.

ಎಲ್ಲಿ ತಪ್ಪಿತು?

ಅಡಿಕೆಯನ್ನು ನಾವು ಬಯ್ಯುವುದಿಲ್ಲ. ಈ ಸಭಾಭವನ ನಿಂತದ್ದೂ, ಮಕ್ಕಳು ಓದಿದ್ದೂ ಅಡಿಕೆಯಿಂದಲೇ. ಆದರೆ ದರ ಏರಿದ ವರ್ಷಗಳಲ್ಲಿ ಮನೆಯ ಗೋಡೆಯವರೆಗೂ ಸಸಿ ನೆಟ್ಟೆವು. ಹಿತ್ತಲಿನಿಂದ ರೊಕ್ಕ ಕಾಣುವುದಿಲ್ಲ, ಹಾಗಾಗಿ ಅದು ಖಾಲಿ ಜಾಗ ಅನ್ನಿಸಿತು.

ಎರಡನೆಯದು ಕಳೆನಾಶಕ. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಪೂರೈಸುವುದಿಲ್ಲ, ನಿಜ. ಆದರೆ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ತೋಟಕ್ಕೆ ಹೊಡೆದಾಗ ಕಳೆಯ ಜೊತೆ ಒಂದೆಲಗವೂ ಹೋಯಿತು, ಎಲವರಿಗೆಯೂ ಹೋಯಿತು. ಹೊಡೆದ ಜಾಗದಲ್ಲಿ ಉಳಿದ ಸೊಪ್ಪನ್ನು ಕೊಯ್ಯಲು ಕೈ ಹೆದರುತ್ತದೆ. ಆ ಡಬ್ಬಿಯನ್ನು ನಮ್ಮ ಸಂಘದ ಮಳಿಗೆಯಲ್ಲೇ ಮಾರುತ್ತೇವೆ. ಇದನ್ನು ದೂರು ಅಂತ ಹೇಳುತ್ತಿಲ್ಲ, ಲಾಭ ಹಂಚಿಕೊಂಡ ನಾವೂ ಅದರಲ್ಲಿ ಪಾಲುದಾರರು.

ಮೂರನೆಯದು ಮಂಗ. ಕಾಯಿ ಕಚ್ಚಿ ಎಸೆದು ಹೋಗುವುದನ್ನು ನೋಡಿ ನೋಡಿ ಎಷ್ಟೋ ತಾಯಂದಿರು "ಯಾರಿಗೆ ಬೇಕು ಈ ಕರ್ಮ" ಅಂತ ಕೈಬಿಟ್ಟರು. ಹಂದಿ ಬಂದರೆ ಗೆಣಸಿನ ಓಳಿಯೇ ನಾಪತ್ತೆ. ಈ ಸಂಕಟ ಉಪದೇಶದಿಂದ ಹೋಗುವುದಿಲ್ಲ.

ನಾಲ್ಕನೆಯದು ಬೀಜ. ಹಿಂದೆ ಸೌತೆ ಬೀಜವನ್ನು ಬೂದಿಯಲ್ಲಿ ಕಲೆಸಿ ಒಣಗಿಸಿ, ಸೋರೆ ಬುರುಡೆಯಲ್ಲಿ ತುಂಬಿ, ಒಲೆಯ ಮೇಲೆ ಹೊಗೆಗೆ ತೂಗುಹಾಕುತ್ತಿದ್ದರು. ಹುಳ ಬೀಳುತ್ತಿರಲಿಲ್ಲ. ಗ್ಯಾಸ್ ಒಲೆ ಬಂದು ನಮ್ಮ ಕಣ್ಣು, ಶ್ವಾಸಕೋಶ ಉಳಿಯಿತು. ಅದು ಬೇಕೇ ಬೇಕು. ಆದರೆ ಹೊಗೆಯ ಜೊತೆ ಬೀಜ ಇಡುವ ರೂಢಿಯೂ ಹೋಯಿತು. ಪೇಟೆಯ ಹೈಬ್ರಿಡ್ ಪೊಟ್ಟಣ ತಂದೆವು. ಅದರ ಬೀಜ ಇಟ್ಟು ಮರುವರ್ಷ ಹಾಕಿದರೆ ಬಳ್ಳಿ ಒಂದೊಂದು ತರ, ಫಲ ಒಂದೊಂದು ತರ. ಹೀಗೆ ಪ್ರತಿವರ್ಷ ಕೊಳ್ಳುವ ಗಿರಾಕಿಗಳಾದೆವು. ಅಜ್ಜಿ ತೀರಿಕೊಂಡಾಗ ಚಿನ್ನದ ಪಾಲು ಮಾಡಿದ್ದೇವೆ, ಆಕೆಯ ಬೀಜದ ಬುರುಡೆ ಎಲ್ಲಿ ಹೋಯಿತು ಅಂತ ಕೇಳಿದವರಿಲ್ಲ.

ಈಗ ಏನು ಮಾಡಬಹುದು?

ದೊಡ್ಡ ಯೋಜನೆ ಬೇಡ. ಒಂದು ಗುಂಟೆ ಅಂದರೆ ಸುಮಾರು 1,089 ಚದರಡಿ. ಅದರ ಅರ್ಧ ಇದ್ದರೂ ಆರಂಭ ಮಾಡಬಹುದು. ನಾವು ಕೆಲವರು ಎರಡು ವರ್ಷದಿಂದ ಮಾಡಿ ನೋಡಿದ್ದನ್ನು ಹೇಳುತ್ತೇವೆ.

ಮೊದಲು ಬಚ್ಚಲ ನೀರು. ಸ್ನಾನದ ನೀರು ದಿನವೂ ಹರಿಯುತ್ತದೆ, ಅದಕ್ಕೆ ಪಂಪು ಬೇಡ. ಅಲ್ಲಿ ಒಂದು ಬಸಳೆ ಚಪ್ಪರ, ಎರಡು ಬಾಳೆ, ನಾಲ್ಕು ಕೆಸು. ಬೇಲಿಗೆ ಸತ್ತ ಗೂಟದ ಬದಲು ಚಕ್ರಮುನಿ ಕಡ್ಡಿ ಊರಿರಿ, ಬೇಲಿಯೂ ಆಯಿತು, ಸೊಪ್ಪೂ ಆಯಿತು. ನುಗ್ಗೆ, ಪಪ್ಪಾಯಿ ನಮ್ಮ ಮಳೆಗೆ ಬದುಕುವುದಿಲ್ಲ ಅನ್ನುತ್ತಾರೆ. ನೀರು ನಿಲ್ಲದ ಎತ್ತರದಲ್ಲಿ, ದಿಬ್ಬ ಮಾಡಿ ನೆಟ್ಟರೆ ಬದುಕುತ್ತವೆ. ಅಡಿಗೆಮನೆಗೆ ಹತ್ತಿರ ಇರಲಿ. ದೂರದಲ್ಲಿದ್ದರೆ ಒಗ್ಗರಣೆ ಹಾಕುವ ಹೊತ್ತಿಗೆ ಯಾರೂ ಓಡಿಹೋಗಿ ಕೊಯ್ಯುವುದಿಲ್ಲ.

ಮಂಗನಿಗೆ ಪೂರ್ತಿ ಉಪಾಯ ನಮ್ಮಲ್ಲಿಲ್ಲ. ಆದರೆ ನಮ್ಮ ಅನುಭವದಲ್ಲಿ ಕೆಸು, ಸುವರ್ಣಗೆಡ್ಡೆ, ಹಾಗಲ, ಮೆಣಸಿನ ತಂಟೆಗೆ ಅದು ಹೆಚ್ಚು ಬರುವುದಿಲ್ಲ. ಮನೆಗೆ ತೀರ ಹತ್ತಿರ ಬಳ್ಳಿ ಹಬ್ಬಿಸಿದರೆ, ಜನ ನಾಯಿ ಓಡಾಡುವಲ್ಲಿ ಸ್ವಲ್ಪ ಉಳಿಯುತ್ತದೆ. ಹತ್ತರಲ್ಲಿ ನಾಲ್ಕು ಹೋದರೂ ಆರು ನಮ್ಮದು.

ಬೀಜಕ್ಕೆ ಬಳ್ಳಿಯಲ್ಲಿ ಚೆನ್ನಾಗಿ ಬೆಳೆದ ಮೊದಮೊದಲ ಕಾಯಿಗಳಲ್ಲಿ ಒಂದನ್ನು ಗುರುತು ಮಾಡಿ ಹಣ್ಣಾಗಲು ಬಿಡಿ. ಕೊನೆಗೆ ಉಳಿದ ಸೊರಗಿದ ಕಾಯಿಯನ್ನು ಬೀಜಕ್ಕೆ ಇಡಬೇಡಿ. ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ, ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಶಿರಸಿಯಲ್ಲಿ 'ವನಸ್ತ್ರೀ' ಎಂಬ ಹೆಂಗಸರ ಬಳಗ 2001ರಿಂದ ಮಲೆನಾಡಿನ ಹಿತ್ತಲ ಬೀಜಗಳನ್ನು ಕಾಪಾಡಿ ಹಂಚುವ ಕೆಲಸ ಮಾಡಿಕೊಂಡು ಬಂದಿದೆ. ಅವರಿಂದ ಆದದ್ದು ನಮ್ಮಿಂದ ಯಾಕಾಗದು?

ಅಡಿಗೆಯಲ್ಲೂ ನಾಲ್ಕು ಎಚ್ಚರ. ಸೊಪ್ಪಿನ ಕಬ್ಬಿಣಾಂಶ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಊಟದಲ್ಲಿ ಲಿಂಬೆಹುಳಿಯೋ, ನೆಲ್ಲಿಕಾಯಿಯೋ ಇದ್ದರೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಚಾ ಕುಡಿದರೆ ಹತ್ತುವುದೂ ತಪ್ಪುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸಿ ನೆನೆಹಾಕಿ, ಬೇಯಿಸದೆ ತಿನ್ನಬೇಡಿ, ಅದರಲ್ಲಿ ವಿಷದ ಅಂಶ ಇರುತ್ತದೆ. ಸೋರೆ, ಸೌತೆ ಕಹಿ ಇದ್ದರೆ ಮುಲಾಜಿಲ್ಲದೆ ಎಸೆಯಿರಿ. ಚಕ್ರಮುನಿ ಬೇಯಿಸಿ ಉಣ್ಣುವ ಸೊಪ್ಪು. ಒಳ್ಳೆಯದು ಅಂತ ಹಸಿ ರಸ ಹಿಂಡಿ ದಿನವೂ ಕುಡಿಯಬೇಡಿ. 1990ರ ದಶಕದಲ್ಲಿ ತೈವಾನಿನಲ್ಲಿ ಹಾಗೆ ಕುಡಿದ ಅನೇಕರಿಗೆ ಶ್ವಾಸಕೋಶ ಕೆಟ್ಟಿತು.

ಹಿತ್ತಲಿಗೂ ಮಿತಿ ಇದೆ

ಹಿತ್ತಲಿದ್ದರೆ ಎಲ್ಲ ಸರಿಹೋಗುತ್ತದೆ ಅಂತ ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ರಕ್ತ ಕಡಿಮೆ ಇರುವ ಬಸುರಿಗೆ ಬಸಳೆ ಸಾರು ಸಾಲದು, ಕಬ್ಬಿಣದ ಮಾತ್ರೆ ನುಂಗಲೇಬೇಕು. ಸರಕಾರ ಬಸುರಿಯರಿಗೆ 180 ದಿನ ದಿನಕ್ಕೊಂದರಂತೆ ಕೊಡುತ್ತದೆ. ಅದನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ.

ಬಾಂಗ್ಲಾದೇಶದ ಹಳ್ಳಿಗಳ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಹೆಲೆನ್ ಕೆಲ್ಲರ್ ಹೆಸರಿನ ಸಂಸ್ಥೆಯವರು ಮಕ್ಕಳ ಇರುಳುಗಣ್ಣು ತಡೆಯಲು 1990ರ ದಶಕದಲ್ಲಿ ಮನೆಮನೆಯ ಹಿತ್ತಲಲ್ಲಿ ತರಕಾರಿ ಬೆಳೆಸಿದರು. ಹೆಂಗಸರನ್ನೇ ಮುಂದೆ ನಿಲ್ಲಿಸಿದರು, ವರ್ಷದ ಎಲ್ಲ ತಿಂಗಳೂ ಏನಾದರೂ ಸಿಗುವ ಹಾಗೆ ನೋಡಿಕೊಂಡರು. ಆದರೆ ಬರೀ ಸೊಪ್ಪು ತರಕಾರಿ ಸಾಲದು ಅಂತ ಆಮೇಲೆ ಕೋಳಿ ಸಾಕಣೆಯನ್ನೂ ಸೇರಿಸಿದರು. ನಮ್ಮಲ್ಲೂ ತಿನ್ನುವ ಮನೆಯವರು ನಾಲ್ಕು ನಾಟಿ ಕೋಳಿ ಸಾಕಿ ಮೊಟ್ಟೆಯನ್ನು ಮೊದಲು ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಕೊಡಲಿ. ತಿನ್ನದ ಮನೆಯಲ್ಲಿ ಹಾಲು, ಬೇಳೆಕಾಳು ಹೆಚ್ಚಾಗಲಿ.

ಇನ್ನೊಂದು ಮಾತು ಗಂಡಸರಿಗೆ. ಹಿತ್ತಲು ಅಂದರೆ ಹೆಂಗಸರಿಗೆ ಮತ್ತೊಂದು ದುಡಿಮೆ ಅಂತ ಆಗಬಾರದು. ಬೇಲಿ ಕಟ್ಟುವುದು, ಗೊಬ್ಬರ ಹೊರುವುದು, ಚಪ್ಪರ ಹಾಕುವುದು ನಿಮ್ಮ ಪಾಲಿಗಿರಲಿ. ಮತ್ತು ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರೋಣ. ಹತ್ತು ಬಗೆ ಬೆಳೆದರೂ ಬೆಳೆದವಳ ತಾಟಿಗೆ ಬರೀ ತಿಳಿಸಾರು ಬಿದ್ದರೆ ಏನು ಪ್ರಯೋಜನ?

ಸಂಘಕ್ಕೆ ನಮ್ಮ ಬೇಡಿಕೆ

ಬೆಳ್ಳಿಹಬ್ಬದ ಉಡುಗೊರೆಯಾಗಿ ನಾವು ಹೆಚ್ಚು ಕೇಳುವುದಿಲ್ಲ.

ಒಂದು, ಸಂಘದ ಕಚೇರಿಯಲ್ಲಿ ಬೀಜಕ್ಕೆಂದೇ ಒಂದು ಕಪಾಟು. ಒಂದು ಹಿಡಿ ಬೀಜ ಸಾಲ ಪಡೆದವರು ಬೆಳೆ ಬಂದ ಮೇಲೆ ಎರಡು ಹಿಡಿ ತಿರುಗಿ ಕಟ್ಟಬೇಕು. ಇಂಥ ಬಡ್ಡಿಗೆ ಯಾರೂ ಬೇಸರ ಮಾಡುವುದಿಲ್ಲ. ವಸೂಲಿಯ ಹೊಣೆ ನಮ್ಮದು.

ಎರಡು, ಮಳೆಗೆ ಮುಂಚೆ ನುಗ್ಗೆ, ಪಪ್ಪಾಯಿ, ಲಿಂಬೆ, ಕರಿಬೇವಿನ ಸಸಿಗಳನ್ನು ಸದಸ್ಯರಿಗೆ ಅಸಲು ಬೆಲೆಗೆ ಕೊಡಬೇಕು. ಗೊಬ್ಬರದ ಲಾರಿ ಹೇಗೂ ಬರುತ್ತದೆ, ಅದರಲ್ಲೇ ತರಬಹುದು.

ಮೂರು, ವಾರಕ್ಕೊಂದು ದಿನ ಸಂಘದ ಜಗಲಿಯಲ್ಲಿ ಒಂದು ಮೇಜು. ಹೆಚ್ಚಾದ ಸೌತೆ ತಂದಿಟ್ಟು ಬೇಕಾದ ಹೀರೆ ಒಯ್ಯಲಿ. ಹಿತ್ತಲೇ ಇಲ್ಲದ ಕೂಲಿಕಾರರ ಮನೆಗೆ ಕಡಿಮೆ ಬೆಲೆಗೆ ಸಿಗಲಿ. ಸಂಘದ ಕಟ್ಟಡದ ಹಿಂದೆ ಬಿದ್ದಿರುವ ಜಾಗವನ್ನು ಆ ಮನೆಯವರಿಗೇ ತರಕಾರಿ ಬೆಳೆಯಲು ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು.

ನಾಲ್ಕು, ಕಳೆನಾಶಕ ಮಾರುವಾಗ ಮನೆಯ ಸುತ್ತ, ಬಾವಿಯ ಸುತ್ತ, ಸೊಪ್ಪು ಕೊಯ್ಯುವ ಜಾಗಕ್ಕೆ ಹೊಡೆಯಬೇಡಿ ಅಂತ ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳಬೇಕು.

ಐದು, ವಾರ್ಷಿಕ ಸಭೆಯಲ್ಲಿ ಹೆಚ್ಚು ಅಡಿಕೆ ತಂದವರಿಗೆ ಬಹುಮಾನ ಕೊಡುತ್ತೀರಿ. ಅದರ ಜೊತೆ ಒಂದು ಹಿತ್ತಲಿಗೂ ಕೊಡಿ. ದೊಡ್ಡ ಕುಂಬಳಕ್ಕಲ್ಲ, ಹೆಚ್ಚು ಬಗೆ ಇಟ್ಟುಕೊಂಡ ಹಿತ್ತಲಿಗೆ.

2025ನೇ ಇಸವಿಯನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಹಕಾರ ವರ್ಷ ಎಂದು ಸಾರಿತ್ತು. ಅಂಥ ದೊಡ್ಡ ಮಾತು ನಮ್ಮ ಊರಿಗೆ ಬಂದು ಮುಟ್ಟಬೇಕಾದರೆ ಅದು ಹಿಂಬಾಗಿಲಿನಿಂದ, ಅಡಿಗೆಮನೆಯ ಮೂಲಕ ಬರಬೇಕು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇದೆ. ಮದ್ದು ಆಗದೇ ಹೋದರೂ ಚಿಂತೆಯಿಲ್ಲ, ಅದು ಊಟವಾಗಲಿ.

ಆ ಸೊಸೆಯ ಮನೆಯಲ್ಲಿ ಈಗ ಅಂಗಳದ ಒಂದು ಮೂಲೆಯ ಕಲ್ಲು ಕಿತ್ತು ಮತ್ತೆ ಬಸಳೆ ಚಪ್ಪರ ಹಾಕಿದ್ದಾರೆ. ಗೂಟ ಹೊಡೆದವನು ಮಗ, ಕಡ್ಡಿ ತಂದುಕೊಟ್ಟವರು ಪಕ್ಕದ ಮನೆಯವರು, ನೀರು ಬಚ್ಚಲಿನದು. ಒಂದು ಪೈಸೆ ಖರ್ಚಿಲ್ಲ. ಬೇಕಾದವರು ಅಲ್ಲಿಂದ ಕಡ್ಡಿ ಒಯ್ಯಬಹುದು ಅಂತ ಹೇಳಿ ಕಳಿಸಿದ್ದಾರೆ.

ಮಾತಿನಲ್ಲಿ ಹೆಚ್ಚುಕಡಿಮೆ ಆಗಿದ್ದರೆ ಮನೆಮಕ್ಕಳು ಆಡಿದ್ದು ಅಂತ ಮನ್ನಿಸಿರಿ. ಸಂಘ ನೂರು ವರ್ಷ ಬಾಳಲಿ.

ಜೈ ಹಿಂದ್, ಜೈ ಸಹಕಾರ.